ಬೋಟು ನೀರಿಗಿಳಿಯುವ ವಾರ

ಎರಡು ವರ್ಷದ ಹಿಂದೆ, ನವೆಂಬರಿನ ಒಂದು ಬೆಳಿಗ್ಗೆ, ಬಂಗಡೆ ತರಲೆಂದು ಉತ್ತರ ಕನ್ನಡದ ನಮ್ಮ ತದಡಿ ಬಂದರಿಗೆ ಹೋಗಿದ್ದೆ. ಧಕ್ಕೆಗೆ ಕಟ್ಟಿದ್ದ ಟ್ರಾಲ್ ಬೋಟೊಂದರ ಮೇಲೆ ಒಬ್ಬ ಯುವಕ ಕುಕ್ಕರಗಾಲಿನಲ್ಲಿ ಕುಳಿತು ಕ್ಯಾಬಿನ್ನಿನ ದೀಪದ ತುಂಡಾದ ವಯರು ಜೋಡಿಸುತ್ತಿದ್ದ. ಮೂವತ್ತು ವರ್ಷ ಐಟಿಐ ಹುಡುಗರಿಗೆ ಎಲೆಕ್ಟ್ರಿಷಿಯನ್ ಪಾಠ ಹೇಳಿದವನ ಕಣ್ಣು ಮುಖಕ್ಕಿಂತ ಮೊದಲು ಕೈಗೆ ಹೋಗುತ್ತದೆ. ಅವನು ಎರಡು ತುದಿಗಳನ್ನು ಸುಲಿದು, ಒಂದರ ಮೇಲೊಂದು ಅಡ್ಡ ಇಟ್ಟು, ಈ ತುದಿಯನ್ನು ಆ ತಂತಿಗೆ, ಆ ತುದಿಯನ್ನು ಈ ತಂತಿಗೆ ಸುತ್ತುತ್ತಿದ್ದ. ಸುತ್ತಿಗೆ ಸುತ್ತು ತಾಗಿ ಕೂರುತ್ತಿತ್ತು. ಉಳಿದ ಚೂರನ್ನು ಪ್ಲೈಯರಿನಿಂದ ಒತ್ತಿ ಮಲಗಿಸುತ್ತಿದ್ದ. ನೋಡಿ ಕಲಿತವರು ಹೀಗೆ ಮಾಡುವುದಿಲ್ಲ, ಎರಡು ತುದಿ ಸೇರಿಸಿ ಹಗ್ಗದಂತೆ ಹುರಿ ಮಾಡಿ ಟೇಪು ಸುತ್ತಿಬಿಡುತ್ತಾರೆ. ಇದು ವೆಸ್ಟರ್ನ್ ಯೂನಿಯನ್ ಜಾಯಿಂಟ್, ಮೊದಲ ವರ್ಷದ ಆರಂಭದ ವಾರಗಳಲ್ಲಿ ನಾವು ಕಲಿಸುವಂಥದ್ದು. (ತಂತಿ ಮಾತ್ರ ಬೋಟಿಗೆ ತಕ್ಕದ್ದಾಗಿರಲಿಲ್ಲ. ಒಂಟಿ ಎಳೆಯದು, ಯಾರದೋ ಮನೆಯ ವಯರಿಂಗಿನಲ್ಲಿ ಉಳಿದದ್ದಿರಬೇಕು.) ಎಲ್ಲಿ ಕಲಿತೆ ಎಂದು ಧಕ್ಕೆಯ ಮೇಲಿನಿಂದಲೇ ಕೇಳಿದೆ. ಅವನು ತಲೆ ಎತ್ತಿದ, ಎದ್ದು ನಿಂತ, ಕೈಯನ್ನು ಲುಂಗಿಗೆ ಒರೆಸಿಕೊಂಡ. "ನೀವೇ ಹೇಳಿಕೊಟ್ಟದ್ದಲ್ವಾ ಸರ್. ಹದಿನೇಳನೇ ನಂಬರು."

ಹೆಸರು ಹೇಳಿದ್ದರೆ ನೆನಪಾಗುತ್ತಿರಲಿಲ್ಲ, ನಂಬರು ಹೇಳಿದ್ದರಿಂದ ನೆನಪಾಯಿತು. 2018ರ ಬ್ಯಾಚಿನ ಹಾಜರಿ ಪುಸ್ತಕದಲ್ಲಿ ಹದಿನಾರಾದ ಮೇಲೆ ಒಂದು ಕೆಂಪು ಗೆರೆ, ಆಮೇಲೆ ಹದಿನೆಂಟು. ಎರಡು ವರ್ಷದ ಕೋರ್ಸಿನಲ್ಲಿ ಅವನು ನಮ್ಮಲ್ಲಿ ಇದ್ದದ್ದು ಆರೇಳು ವಾರ. ಗೆರೆ ಎಳೆದವನು ನಾನು. ಜಾಯಿಂಟು ಚೆನ್ನಾಗಿದೆ ಎಂದೆ, ನಿಜವಾಗಿಯೂ ಚೆನ್ನಾಗಿತ್ತು. ಆದರೆ ಅದರ ಪಕ್ಕದಲ್ಲಿಯೇ ಇದ್ದ ಹಳೆಯ ಜಾಯಿಂಟು ಟೇಪಿನೊಳಗೆ ಹಸಿರುಗಟ್ಟಿ ಪುಡಿಯಾಗಿತ್ತು. ಉಪ್ಪುಗಾಳಿಗೆ ಎರಡು ಮೂರು ತಿಂಗಳಿಗೊಮ್ಮೆ ಹೀಗಾಗುತ್ತದೆ, ಮತ್ತೆ ಕತ್ತರಿಸಿ ಹೊಸದಾಗಿ ಸುತ್ತುತ್ತೇನೆ ಎಂದ. ಸುತ್ತಿದ ಮೇಲೆ ಬೆಸುಗೆ ಹಾಕಬೇಕಲ್ಲ, ಯಾಕೆ ಹಾಕಲಿಲ್ಲ ಎಂದು ಕೇಳಿದೆ. "ಅದು ಬರೂದ್ರೊಳಗೇ ನನ್ನ ಹೆಸ್ರು ಹೋಯ್ತಲ್ಲ ಸರ್" ಎಂದ. ದೂರುವ ಧ್ವನಿಯೇನೂ ಇರಲಿಲ್ಲ. ಬಸ್ಸು ತಪ್ಪಿಹೋಯಿತು ಎನ್ನುವವರ ಹಾಗೆ ಹೇಳಿದ, ಮತ್ತೆ ಕುಳಿತು ಟೇಪು ಸುತ್ತತೊಡಗಿದ.

ಬಂಗಡೆ ಕೊಂಡೆನೋ ಇಲ್ಲವೋ ನೆನಪಿಲ್ಲ. ಅಲ್ಲಿಂದ ಈಚೆಗೆ ಆ ಒಂದು ಗೆರೆಯನ್ನು ತಿರುಗಿ ತಿರುಗಿ ನೋಡುತ್ತಿದ್ದೇನೆ. ನಿಯಮದ ಪ್ರಕಾರ ಅದರಲ್ಲಿ ತಪ್ಪು ಹುಡುಕುವುದು ಕಷ್ಟ. ಹುಡುಗ ಹೇಳದೆ ಕೇಳದೆ ಸತತವಾಗಿ ಗೈರುಹಾಜರಾಗಿದ್ದ, ಮನೆಗೆ ರಿಜಿಸ್ಟರ್ಡ್ ಪತ್ರ ಹೋಗಿತ್ತು, ಉತ್ತರ ಬಂದಿರಲಿಲ್ಲ, ಹೆಸರು ಕಡಿಮೆಯಾಯಿತು. ವಾರ್ಷಿಕ ಪರೀಕ್ಷೆಗೆ ಕೂರಲು ಶೇಕಡಾ 80 ಹಾಜರಿ ಬೇಕು, ಅದನ್ನು ಸಡಿಲಿಸಿ ಎನ್ನುವವನು ನಾನಲ್ಲ. ಅರ್ಧ ಕಲಿತ ಎಲೆಕ್ಟ್ರಿಷಿಯನ್ ಕಂಬ ಹತ್ತಿದರೆ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ಕಂಡಿದ್ದೇನೆ. ನನ್ನನ್ನು ಕಾಡುವುದು ಗೆರೆಯಲ್ಲ, ಗೆರೆಗೆ ಮೊದಲು ನಾನು ಮನಸ್ಸಿನಲ್ಲಿ ಬರೆದುಕೊಂಡ ಷರಾ: 'ಆಸಕ್ತಿ ಇಲ್ಲ.' ಸ್ಟಾಫ್ ರೂಮಿನಲ್ಲಿ ನಾವೆಲ್ಲ ಅದನ್ನೇ ಹೇಳುತ್ತಿದ್ದೆವು. ಸಮುದ್ರದ ಕಡೆಯ ಹುಡುಗರು ಬರುತ್ತಾರೆ, ಒಂದೆರಡು ತಿಂಗಳು ಇರುತ್ತಾರೆ, ದುಡ್ಡಿನ ರುಚಿ ಹತ್ತಿ ಬೋಟಿಗೆ ಹೋಗುತ್ತಾರೆ ಎಂದು. ಇಪ್ಪತ್ತು ಕಿಲೋಮೀಟರ್ ದೂರದ ಮನೆಗೆ ಹೋಗಿ ಕೇಳಿದವರು ನಮ್ಮಲ್ಲಿ ಯಾರೂ ಇರಲಿಲ್ಲ, ಕೇಳಬೇಕೆಂದು ಯಾವ ಸುತ್ತೋಲೆಯೂ ಹೇಳಿರಲಿಲ್ಲ.

ಮುಂಗಡದ ಲೆಕ್ಕ

ಆಮೇಲೆ ಕೇಳಿದೆ, ಐದು ವರ್ಷ ತಡವಾಗಿ. ಕರಾವಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಘಟ್ಟದ ಮೇಲಿನವರಿಗಾಗಿ ಒಂದೆರಡು ಮಾತು. ನಮ್ಮಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ ನಿಷೇಧ. ಬೋಟು ದಡಕ್ಕೆ ಬಂದರೆ ಮೀನಿನ ಗಳಿಕೆಯಲ್ಲಿ ಸಿಗುವ ಪಾಲೂ ಇಲ್ಲ. ಮಳೆಗಾಲದ ಆ ಎರಡು ತಿಂಗಳು ಮನೆ ನಡೆಯುವುದು ಬೋಟಿನವರು ಕೊಡುವ ಮುಂಗಡದಿಂದ. ಮುಂಗಡ ತಿಂದವರು ಆಗಸ್ಟಿನಲ್ಲಿ ಬೋಟು ನೀರಿಗಿಳಿಯುವಾಗ ಅದರ ಮೇಲಿರಬೇಕು. ಅದಕ್ಕೆ ಕಾಗದ ಪತ್ರ ಏನೂ ಇರುವುದಿಲ್ಲ, ತಪ್ಪುವವರೂ ಕಡಿಮೆ. ಹದಿನೇಳನೇ ನಂಬರಿನ ಮನೆಯಲ್ಲಿ ಆ ವರ್ಷ ಅಪ್ಪ ಮತ್ತು ಅಣ್ಣ, ಇಬ್ಬರ ಹೆಸರಿನಲ್ಲಿ ಮುಂಗಡ ತಂದಿದ್ದರು. ಗಣೇಶ ಚೌತಿ ಮುಗಿದ ಮೇಲೆ ಅಪ್ಪ ಜ್ವರ ಬಂದು ಮಲಗಿದರು. ಬೋಟಿನಲ್ಲಿ ಒಬ್ಬ ಆಳು ಕಡಿಮೆ ಬಿದ್ದ, ಬೋಟು ನಡೆಸುವ ತಾಂಡೇಲ ಮನೆಗೆ ಬಂದು ಕೇಳಿದ. ಮನೆಯಲ್ಲಿ ಉಳಿದಿದ್ದ ಗಂಡಾಳು ಎಂದರೆ ಹದಿನೇಳು ವರ್ಷದ ಇವನು. ಹದಿನೈದು ದಿನದ ಮಟ್ಟಿಗೆ ಎಂದುಕೊಂಡು ಹೋದ. ನಮ್ಮ ಪತ್ರ ಬಂದಾಗ ಅವನು ಮಲ್ಪೆಯ ಕಡೆಯಲ್ಲಿದ್ದ. ಅವನ ಆಯಿ, ಅಂದರೆ ತಾಯಿ, ಅದಕ್ಕೆ ಸಹಿ ಹಾಕಿ ತೆಗೆದುಕೊಂಡು, ಸರಕಾರಿ ಕಾಗದವೆಂದು ಜೋಪಾನವಾಗಿ ರೇಶನ್ ಕಾರ್ಡಿನ ಜೊತೆಗೆ ಇಟ್ಟರು. ದೀಪಾವಳಿಗೆ ಅವನು ಮನೆಗೆ ಬಂದು ಓದುವಾಗ ಪತ್ರದಲ್ಲಿದ್ದ ಗಡುವು ಮುಗಿದು ಹೋಗಿತ್ತು.

ಈ ಕತೆ ಕೇಳಿದ ಮೇಲೆ ಹಳೆಯ ಬ್ಯಾಚುಗಳನ್ನು ಒಂದೊಂದಾಗಿ ಜ್ಞಾಪಿಸಿಕೊಂಡೆ. ನಾವು ಕಳೆದುಕೊಂಡ ಕರಾವಳಿಯ ಹುಡುಗರೆಲ್ಲ ಹೆಚ್ಚುಕಡಿಮೆ ಆಗಸ್ಟ್, ಸೆಪ್ಟೆಂಬರ್ ತಿಂಗಳಲ್ಲಿಯೇ ಹೋದವರು. ನಮ್ಮ ವ್ಯವಸ್ಥೆಯ ಕ್ಯಾಲೆಂಡರನ್ನು ನೋಡಿ: ಮೇ ತಿಂಗಳ ಹೊತ್ತಿಗೆ ಎಸ್ಸೆಸ್ಸೆಲ್ಸಿ ಫಲಿತಾಂಶ, ಜೂನ್ ಜುಲೈಯಲ್ಲಿ ಅರ್ಜಿ ಮತ್ತು ಸೀಟು ಹಂಚಿಕೆ, ಆಗಸ್ಟಿನ ಆಚೀಚೆ ತರಗತಿ ಆರಂಭ. ಮಾರ್ಗದರ್ಶನ ಶಿಬಿರ, ಉದ್ಯೋಗ ಮೇಳದ ಕರಪತ್ರ, ಮನೆಮನೆಗೆ ಬರುವ ತರಬೇತಿ ಕೇಂದ್ರದ ಪ್ರತಿನಿಧಿ, ಎಲ್ಲವೂ ಅದೇ ಜೂನ್ ಜುಲೈಯಲ್ಲಿ. ಆಗ ಹುಡುಗರು ಊರಲ್ಲಿರುತ್ತಾರೆ, ಕೈ ಖಾಲಿ ಇರುತ್ತದೆ, ಮಳೆಗೆ ಹೊರಗೆ ಹೋಗುವಂತಿರುವುದಿಲ್ಲ. ಯಾರು ಏನು ಕೇಳಿದರೂ ಹೂಂ ಎನ್ನುತ್ತಾರೆ, ಮನಸ್ಸಿನಿಂದಲೇ ಎನ್ನುತ್ತಾರೆ. ನೋಂದಣಿಯ ಹಾಳೆ ತುಂಬುತ್ತದೆ. ತರಗತಿಯ ಬಾಗಿಲು ತೆರೆಯುವ ವಾರ ಮಾತ್ರ ಬೋಟು ನೀರಿಗಿಳಿಯುವ ವಾರ. ನೂಲಹುಣ್ಣಿಮೆಯ ದಿನ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು ಪೂಜೆ ಮಾಡುವ ಹೊತ್ತಿಗೆ, ಜುಲೈಯಲ್ಲಿ ಹೂಂ ಎಂದವರಲ್ಲಿ ಎಷ್ಟು ಮಂದಿ ಉಳಿದಿದ್ದಾರೆ ಎಂದು ಯಾರೂ ಲೆಕ್ಕ ಹಾಕುವುದಿಲ್ಲ. ನಾನೂ ಹಾಕಿದವನಲ್ಲ.

ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಮೂರು ಪರೀಕ್ಷೆ ಎಂಬ ಪದ್ಧತಿ ಬಂದದ್ದು ಒಳ್ಳೆಯದೇ ಆಯಿತು. ಒಂದು ವಿಷಯ ಹೋದರೆ ಒಂದು ವರ್ಷ ಹೋಯಿತು ಎಂಬ ಹಳೆಯ ಲೆಕ್ಕ ತಪ್ಪಿತು. ಆದರೆ 2024ರಲ್ಲಿ ಮೂರನೆಯ ಪರೀಕ್ಷೆ ನಡೆದದ್ದು ಆಗಸ್ಟ್ ಆರಂಭದಲ್ಲಿ. 2025ರಲ್ಲಿ ಅದು ಜುಲೈಗೆ ಬಂತು. ಬೆಂಗಳೂರಿನಲ್ಲಿ ಕುಳಿತು ದಿನಾಂಕ ಹಾಕಿದವರಿಗೆ ಈ ಕೆಲವೇ ವಾರಗಳ ವ್ಯತ್ಯಾಸ ದೊಡ್ಡದಾಗಿ ಕಂಡಿರಲಾರದು. ತದಡಿಯಲ್ಲಿ, ಕಾರವಾರದ ಬೈತಖೋಲ ಬಂದರಿನಲ್ಲಿ ಅದು ಪರೀಕ್ಷೆ ಬರೆಯುವುದಕ್ಕೂ ಬೋಟು ಹತ್ತುವುದಕ್ಕೂ ನಡುವಿನ ವ್ಯತ್ಯಾಸ. ಯಾರೂ ನಮ್ಮನ್ನು ಎಣಿಸಿ ಮಾಡಿದ ಬದಲಾವಣೆ ಅದಾಗಿರಲಿಕ್ಕಿಲ್ಲ, ಆದರೂ ಉಪಕಾರವಾಯಿತು.

ಘಟ್ಟದ ಮೇಲೆ ಹೋದರೆ ತಿಂಗಳು ಬದಲಾಗುತ್ತದೆ ಅಷ್ಟೇ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಡಿಕೆ ಗೊನೆ ಇಳಿಸುವುದು ಶುರುವಾದರೆ ಸುಲಿಯುವುದಕ್ಕೆ, ಬೇಯಿಸುವುದಕ್ಕೆ, ಒಣಗಿಸುವುದಕ್ಕೆ ಜನ ಬೇಕು. ಕೂಲಿಯವರ ಮನೆಯ ಹುಡುಗ ಹುಡುಗಿಯರು ಆ ದಿನಗಳಲ್ಲಿ ತರಗತಿಗೆ ಅಪರೂಪವಾಗುತ್ತಾರೆ. ಅಲ್ಲಿ ಕೆಲಸ ಮಾಡಿದ ನನ್ನ ಸಹೋದ್ಯೋಗಿಯೊಬ್ಬರು, ತಮ್ಮ ಹಾಜರಿ ಪುಸ್ತಕದಲ್ಲಿ ಕೆಂಪು ಶಾಯಿ ಖರ್ಚಾಗುವುದು ಜನವರಿಯಲ್ಲಿ ಎನ್ನುತ್ತಿದ್ದರು. ಆಡಳಿತದ ಅನುಕೂಲಕ್ಕೆ ನಮ್ಮ ಜಿಲ್ಲೆಯನ್ನು ಕಾರವಾರ, ಶಿರಸಿ ಎಂದು ಎರಡು ಶೈಕ್ಷಣಿಕ ಜಿಲ್ಲೆ ಮಾಡಿದ್ದಾರೆ. ಕ್ಯಾಲೆಂಡರ್ ಮಾತ್ರ ಎರಡಕ್ಕೂ ಒಂದೇ.

ಬಾಗಿಲಲ್ಲಿ ಎಣಿಸುವುದು

ಯೋಜನೆಗಳಿಗೆ ಬರವಿದೆ ಎಂದು ನಾನು ಹೇಳಲಾರೆ. ಯುವನಿಧಿಯಲ್ಲಿ ಪದವಿ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500 ರೂಪಾಯಿ, ಗರಿಷ್ಠ ಎರಡು ವರ್ಷ ಎಂದಿದೆ. 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಅದಕ್ಕೆ ಚಾಲನೆ ಸಿಕ್ಕಿದಾಗ ನಮ್ಮೂರಿನ ಹಲವು ಪದವೀಧರರು ಅರ್ಜಿ ಹಾಕಿದರು. ಅದು ಒಳ್ಳೆಯ ಯೋಜನೆ. ಆದರೆ ಪದವಿಯವರೆಗೆ ತಲುಪಿದವರು ಹೇಗೋ ದಾರಿ ಅರ್ಧ ನಡೆದವರು. ಹತ್ತನೆಯ ತರಗತಿಯಲ್ಲಿ ಗಣಿತ ಹೋದವನಿಗೆ, ಐಟಿಐಯನ್ನು ಏಳನೆಯ ವಾರಕ್ಕೆ ಬಿಟ್ಟವನಿಗೆ ಅದರ ಬಾಗಿಲು ಇಲ್ಲ. ಅಂಥವರಿಗಾಗಿ ಇರುವುದು ಗ್ರಾಮೀಣ ಬಡ ಯುವಜನರ ಕೌಶಲ ತರಬೇತಿಯ ಕೇಂದ್ರ ಯೋಜನೆ, ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆ, 2014ರಲ್ಲಿ ಬಂದದ್ದು. ಸಾಮಾನ್ಯವಾಗಿ 15ರಿಂದ 35 ವಯಸ್ಸಿನವರಿಗೆ ಉಚಿತ ತರಬೇತಿ, ತರಬೇತಿ ಪಡೆದವರಲ್ಲಿ ಶೇಕಡಾ 70ರಷ್ಟು ಮಂದಿಗೆ ಕೆಲಸ ಕೊಡಿಸಲೇಬೇಕೆಂಬ ಷರತ್ತು.

ಅದರ ಮಾರ್ಗಸೂಚಿಯಲ್ಲಿ ಒಂದು ಅಂಶ ನನಗೆ ಬಹಳ ಇಷ್ಟ. ಕೆಲಸಕ್ಕೆ ಸೇರಿದ ಮೇಲೆ, ಹೊಸ ಊರಿನಲ್ಲಿ ಕಾಲೂರುವವರೆಗೆಂದು, ತಿಂಗಳಿಗೆ 1,000 ರೂಪಾಯಿ ನೆರವು ಇಟ್ಟಿದ್ದರು: ಸ್ವಂತ ಜಿಲ್ಲೆಯಲ್ಲಾದರೆ ಎರಡು ತಿಂಗಳು, ರಾಜ್ಯದೊಳಗಾದರೆ ಮೂರು, ಹೊರರಾಜ್ಯವಾದರೆ ಆರು. ಮೊದಲ ಸಂಬಳ ಬರುವ ಮುನ್ನವೇ ಬಾಡಿಗೆಯ ಅಡ್ವಾನ್ಸು ಕೊಡಬೇಕು, ಊಟಕ್ಕೆ ಬೇಕು, ಬೂಟು ಕೊಳ್ಳಬೇಕು ಎಂಬುದು ಗೊತ್ತಿದ್ದವರು ಬರೆದ ನಿಯಮ ಅದು. ಅಳತೆಗೋಲು ಮಾತ್ರ ನಮ್ಮ ಜಿಲ್ಲೆಗೆ ಬಂದು ತಮಾಷೆಯಾಗುತ್ತದೆ. ಕಾರವಾರದ ಹುಡುಗನಿಗೆ ಎಪ್ಪತ್ತು ಕಿಲೋಮೀಟರ್ ದೂರದ ಮಡಗಾಂವ್ ಹೊರರಾಜ್ಯ, ಆರು ತಿಂಗಳ ನೆರವು. ಐನೂರು ಕಿಲೋಮೀಟರ್ ಆಚೆಗಿನ ಬೆಂಗಳೂರು ನಮ್ಮದೇ ರಾಜ್ಯ, ಮೂರು ತಿಂಗಳು. ಮಡಗಾಂವಿನಲ್ಲಿ ಕೊಂಕಣಿ ಮಾತಾಡಿ ಭಾನುವಾರ ಮನೆಗೆ ಬಂದು ಮೀನುಸಾರು ಉಂಡು ಹೋಗುವವನಿಗಿಂತ, ಬೆಂಗಳೂರಿನ ಹೊರವಲಯದ ಕಾರ್ಖಾನೆಯ ಪಕ್ಕ ಒಂದು ಕೋಣೆಯಲ್ಲಿ ಆರು ಮಂದಿಯ ಜೊತೆ ಮಲಗುವವನಿಗೆ ಆ ದುಡ್ಡು ಹೆಚ್ಚು ದಿನ ಬೇಕಾಗುತ್ತದೆ. ಅದಿರಲಿ, ಮೂರು ತಿಂಗಳು ಕೆಲಸದಲ್ಲಿದ್ದರೆ ಕೆಲಸ ಕೊಡಿಸಿದಂತಾಯಿತು ಎಂಬ ಲೆಕ್ಕವೇ ನನ್ನ ದೃಷ್ಟಿಯಲ್ಲಿ ಅವಸರದ್ದು. ನಾನು ಕಂಡವರಲ್ಲಿ ನಾಲ್ಕನೆಯ ತಿಂಗಳಿಗೆ ಊರಿಗೆ ಮರಳಿದವರಿದ್ದಾರೆ. ಅವರು ಯಾವ ಕಡತದಲ್ಲಿಯೂ ಮರಳಿಲ್ಲ.

ಬಾಗಿಲಲ್ಲಿ ಎಣಿಸಿ ಸುಮ್ಮನಾಗದ ಒಂದು ಮಾದರಿ ನಮ್ಮ ನೆರೆಯಲ್ಲಿಯೇ ಹುಟ್ಟಿತು. 1982ರಲ್ಲಿ ಉಜಿರೆಯಲ್ಲಿ ಶುರುವಾದ ಸ್ವಉದ್ಯೋಗ ತರಬೇತಿ ಸಂಸ್ಥೆ ರುಡ್‌ಸೆಟ್ ಮಾದರಿಯಲ್ಲಿ ಈಗ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಅಂಥ ಗ್ರಾಮೀಣ ಸಂಸ್ಥೆಗಳು, ಅಂದರೆ ಆರ್‌ಸೆಟಿಗಳಿವೆ. ನಮ್ಮ ಜಿಲ್ಲೆಯ ಹಳಿಯಾಳದಲ್ಲಿಯೂ ಒಂದಿದೆ. ಬೈಕ್ ರಿಪೇರಿ, ಮೋಟಾರ್ ರಿವೈಂಡಿಂಗ್ ಇಂಥವು ಮೂವತ್ತು ದಿನದ ತರಬೇತಿ, ಊಟ ವಸತಿ ಅಲ್ಲಿಯೇ, ಉಚಿತ. ಮುಖ್ಯವಾದದ್ದು ತರಬೇತಿಯಲ್ಲ, ಆಮೇಲಿನ ಎರಡು ವರ್ಷ. ಅಂಗಡಿ ಹಾಕಿದೆಯಾ, ಬ್ಯಾಂಕಿನವರು ಸಾಲ ಕೊಟ್ಟರಾ, ಕೊಡದಿದ್ದರೆ ಯಾಕೆ ಎಂದು ಕೇಳುತ್ತಿರಬೇಕು ಎಂಬುದು ಅವರ ಪದ್ಧತಿಯ ಒಳಗೇ ಇದೆ. ನನ್ನ ಒಬ್ಬ ಹಳೆಯ ವಿದ್ಯಾರ್ಥಿ, ಅವನೂ ಕೆಂಪು ಗೆರೆಯವನೇ, ಅಂಥದೊಂದು ತರಬೇತಿಯಿಂದ ಪಂಪ್‌ಸೆಟ್ ರಿವೈಂಡಿಂಗ್ ಅಂಗಡಿ ಹಾಕಿದ. ತರಬೇತಿ ಮುಗಿದು ಏಳು ತಿಂಗಳಾದ ಮೇಲೂ ಫೋನು ಮಾಡಿ ಕೇಳುತ್ತಿದ್ದರು ಎಂದು ಹೇಳುವಾಗ ಅವನ ಮುಖದಲ್ಲಿ ಆಶ್ಚರ್ಯವೇ ಹೆಚ್ಚಾಗಿತ್ತು.

ತದ್ವಿರುದ್ಧವಾದದ್ದೂ ನಮ್ಮ ಜಿಲ್ಲೆಯಲ್ಲಿಯೇ ನಡೆದಿದೆ. ಎಂಬತ್ತರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಹಳಿಯಾಳ, ಯಲ್ಲಾಪುರದ ಕಡೆಯ ಆಫ್ರಿಕನ್ ಮೂಲದ ಸಿದ್ದಿ ಸಮುದಾಯದ ಮಕ್ಕಳನ್ನು ಆಯ್ದು ಓಟ, ಎಸೆತಗಳಲ್ಲಿ ತರಬೇತಿ ಕೊಟ್ಟಿತು. ಪದಕಗಳು ಬಂದವು, ಕೆಲವರಿಗೆ ಕ್ರೀಡಾ ಕೋಟಾದಲ್ಲಿ ನೌಕರಿಯೂ ಆಯಿತು. ತೊಂಬತ್ತರ ದಶಕದ ಆರಂಭದಲ್ಲಿ ಆ ಕಾರ್ಯಕ್ರಮ ನಿಂತುಹೋಯಿತು, ನಡುವಿನಲ್ಲಿದ್ದ ಮಕ್ಕಳು ಕಾಡಿನ ಹಾಡಿಗಳಿಗೆ ಮರಳಿದರು. ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು ಅದಾಗಿ ಹತ್ತು ವರ್ಷದ ಮೇಲೆ, 2003ರಲ್ಲಿ. ಶಾಲೆ ಬಿಡಿಸಿ ಮೈದಾನಕ್ಕೆ ಕರೆದೊಯ್ದು, ಮೈದಾನವನ್ನೂ ತೆಗೆದುಕೊಂಡ ಮೇಲೆ ಆ ಹದಿನಾರು ಹದಿನೇಳರ ಮಕ್ಕಳಿಗೆ 'ಆಸಕ್ತಿ ಇಲ್ಲ' ಎಂದು ಯಾರಾದರೂ ಬರೆದಿರಬಹುದೇ ಎಂದು ಈಗ ಅನಿಸುತ್ತದೆ.

ಪ್ಲಾಸ್ಟಿಕ್ ಕವರು

ನಿವೃತ್ತನಾದ ಮೇಲೆ ವಾರಕ್ಕೆ ಎರಡು ದಿನ ನಮ್ಮ ಪಂಚಾಯಿತಿಯ ಗ್ರಂಥಾಲಯದಲ್ಲಿ, ಈಗ ಅದಕ್ಕೆ ಅರಿವು ಕೇಂದ್ರ ಎನ್ನುತ್ತಾರೆ, ಒಂದು ಮೇಜಿನ ಮುಂದೆ ಕುಳಿತುಕೊಳ್ಳುತ್ತೇನೆ. ಅರ್ಜಿ ತುಂಬಿಸಿಕೊಡುವುದು, ಫೋನು ಮಾಡುವುದು, ಬೇಕಾದರೆ ತಾಲೂಕು ಕಚೇರಿಗೆ ಜೊತೆಗೆ ಹೋಗುವುದು. ಬರುವವರೆಲ್ಲರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು ಇರುತ್ತದೆ, ಬಟ್ಟೆ ಅಂಗಡಿಯದು. ಮನೆಯ ಅಷ್ಟೂ ಕಾಗದ ಅದರೊಳಗೆ. ನಮ್ಮ ಪತ್ರವೂ ಅಂಥದೊಂದರಲ್ಲಿ ಕುಳಿತಿತ್ತಲ್ಲ ಎಂದು ಪ್ರತಿ ಸಲ ಅನಿಸುತ್ತದೆ.

ಕಳೆದ ವರ್ಷ ಹಾಲಕ್ಕಿ ಒಕ್ಕಲಿಗರ ಕೇರಿಯ ತಾಯಿ ಮಗಳು ಬಂದರು. ಹುಡುಗಿ ಪಿಯುಸಿ ಮುಗಿಸಿ ಕುಮಟೆಯಲ್ಲಿ ಬಿಎಗೆ ಸೇರಿದ್ದಳು. ವಿದ್ಯಾರ್ಥಿವೇತನ ಬಂದಿಲ್ಲ, ಹಾಸ್ಟೆಲ್ ಅರ್ಜಿಯೂ ಮುಂದೆ ಹೋಗುತ್ತಿಲ್ಲ, ಕಾಲೇಜು ಬಿಡುತ್ತಾಳಂತೆ. "ಮಾಸ್ತರ್ರೇ, ದುಡ್ಡು ಬಂದದೆ ಅಂತ್ರು. ನಮ್ಗೆ ಬರ್ಲಿಲ್ಲ" ಎಂದು ತಾಯಿ ಕವರನ್ನು ಮೇಜಿನ ಮೇಲೆ ಸುರಿದರು. ನೋಡುತ್ತ ಹೋದಂತೆ ತಿಳಿದದ್ದು ಇಷ್ಟು. ಗೌಡ ಎಂಬುದನ್ನು ಶಾಲೆಯವರು ಇಂಗ್ಲಿಷಿನಲ್ಲಿ 'ಒ ಯು' ಹಾಕಿ ಬರೆದಿದ್ದರು, ಆಧಾರ್ ಮಾಡಿದವರು 'ಒ ಡಬ್ಲ್ಯು' ಹಾಕಿದ್ದರು. ಕನ್ನಡದಲ್ಲಿ ಎರಡೂ ಗೌಡವೇ, ಕಂಪ್ಯೂಟರಿಗೆ ಇಬ್ಬರು ಬೇರೆ ಬೇರೆ ಹುಡುಗಿಯರು. ಪ್ರಾಥಮಿಕ ಶಾಲೆಯಲ್ಲಿದ್ದಾಗ ತೆರೆದ ಬ್ಯಾಂಕ್ ಖಾತೆ ವ್ಯವಹಾರವಿಲ್ಲದೆ ಸ್ತಬ್ಧವಾಗಿತ್ತು, ಆಧಾರ್ ಜೋಡಣೆಯಾಗಿದ್ದದ್ದು ಮಾತ್ರ ಅದಕ್ಕೇ. ವಿದ್ಯಾರ್ಥಿವೇತನ ಹೋಗುವುದು ಆಧಾರ್ ಜೋಡಿಸಿದ ಖಾತೆಗೆ, ಅರ್ಜಿಯಲ್ಲಿ ಬರೆದ ಖಾತೆಗಲ್ಲ. ಆಧಾರಿನಲ್ಲಿದ್ದ ಮೊಬೈಲ್ ನಂಬರು ಸೋದರಮಾವನದು, ಆಧಾರ್ ಮಾಡಿಸುವಾಗ ಮನೆಯಲ್ಲಿ ಬೇರೆ ಯಾರಿಗೂ ಫೋನು ಇರಲಿಲ್ಲವಂತೆ. ಮಾವ ಮಡಗಾಂವಿನ ಹೋಟೆಲಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದ.

ಅರ್ಜಿ ತೆರೆಯಲು ಒಟಿಪಿ ಬೇಕು. ಒತ್ತಿದೆವು, ಅದು ಮಡಗಾಂವಿಗೆ ಹೋಯಿತು. ಮಾವ ಫೋನು ಎತ್ತಲಿಲ್ಲ. ಹತ್ತು ನಿಮಿಷಕ್ಕೆ ಒಟಿಪಿ ಸತ್ತಿತು. ಮತ್ತೆ ಒತ್ತಿದೆವು, ಮತ್ತೆ ಸತ್ತಿತು. ಮೂರನೆಯ ಸಲ ಮಾವ ಎತ್ತಿ, ಊಟದ ಹೊತ್ತು, ಮೂರು ಗಂಟೆ ಮೇಲೆ ಮಾಡಿ ಎಂದು ಇಟ್ಟುಬಿಟ್ಟ. ನಾವು ಮೂವರೂ ಕುಳಿತೆವು. ಗ್ರಂಥಪಾಲಕಿ ಚಹ ತರಿಸಿದರು. ತಾಯಿ ಆ ದಿನದ ಕೂಲಿ ಬಿಟ್ಟು ಬಂದವರು. ಎರಡು ಸಲ ಎದ್ದು, ಆಗದಿದ್ದರೆ ಬಿಡಿ ಮಾಸ್ತರ್ರೇ, ಇವಳು ಅಂಗಡಿ ಕೆಲಸಕ್ಕೆ ಹೋಗ್ಲಿ ಎಂದರು. ಹುಡುಗಿ ಏನೂ ಅನ್ನಲಿಲ್ಲ, ಕಪಾಟಿನಿಂದ ಒಂದು ಪುಸ್ತಕ ತೆಗೆದು ಓದುವವಳಂತೆ ಹಾಳೆ ತಿರುವುತ್ತಿದ್ದಳು, ಕಣ್ಣು ಮಾತ್ರ ಫೋನಿನ ಮೇಲೆ. ಮೂರೂಕಾಲಿಗೆ ಮಾವನೇ ಫೋನು ಮಾಡಿ ಆರು ಅಂಕಿ ಹೇಳಿದ. ಅವಳು ಅದನ್ನು ಗಟ್ಟಿಯಾಗಿ ಮರಳಿ ಹೇಳಿದಳು, ಬೆಳಗಿನಿಂದ ಅವಳ ಧ್ವನಿ ಕೇಳಿದ್ದು ಅದೇ ಮೊದಲು. ಆಮೇಲೆ ಮೊಬೈಲ್ ನಂಬರು, ಹೆಸರು ತಿದ್ದಿಸಲು ಆಧಾರ್ ಕೇಂದ್ರಕ್ಕೆ ಒಂದು ದಿನ, ಖಾತೆ ಜೋಡಿಸಲು ಬ್ಯಾಂಕಿಗೆ ಎರಡು ದಿನ. ಬಸ್ಸಿಗೆ ದುಡ್ಡು ಹೋಗಲಿಲ್ಲ, ಶಕ್ತಿ ಯೋಜನೆ ಇತ್ತು. ಇದನ್ನು ಒತ್ತಿ ಹೇಳಬೇಕು: 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಾದ ಮೇಲೆ ನಮ್ಮ ಕಡೆಯ ಹುಡುಗಿಯರು ಓದಿಗಾಗಿ, ಸಂದರ್ಶನಕ್ಕಾಗಿ ತಾಲೂಕು ದಾಟುತ್ತಿರುವುದನ್ನು ಕಣ್ಣಾರೆ ನೋಡುತ್ತಿದ್ದೇನೆ. ಯಾವ ಮಾರ್ಗದರ್ಶನ ಶಿಬಿರವೂ ಮಾಡದ ಕೆಲಸವನ್ನು ಒಂದು ಶೂನ್ಯ ಟಿಕೆಟ್ ಮಾಡಿದೆ.

ಆ ದಿನ ಬೆಳಿಗ್ಗೆ ಹತ್ತೂವರೆಯಿಂದ ಸಂಜೆಯವರೆಗೆ ನಾನು ಮಾಡಿದ ಕೆಲಸಕ್ಕೆ ಏನು ಹೆಸರು ಎಂದು ಯೋಚಿಸುತ್ತೇನೆ. ಯಾವ ಯೋಜನೆಯ ಖರ್ಚಿನ ಪಟ್ಟಿಯಲ್ಲಿಯೂ 'ಮಾವ ಫೋನು ಎತ್ತುವವರೆಗೆ ಕಾಯುವುದು' ಎಂಬ ಬಾಬತ್ತು ಇಲ್ಲ. ಸೇವಾ ಕೇಂದ್ರದವರು ಅರ್ಜಿಗೆ ಇಂತಿಷ್ಟು ಎಂದು ಪಡೆಯುವವರು, ಐದು ತಾಸು ಒಂದು ಅರ್ಜಿಗೆ ಕುಳಿತರೆ ಅವರ ಹೊಟ್ಟೆ ತುಂಬದು. ನಾನು ಪಿಂಚಣಿದಾರ, ನನಗೆ ಸಮಯವಿದೆ. ಅಂದರೆ ಈ ಹುಡುಗಿಯ ಓದು ಅವಲಂಬಿಸಿದ್ದು ಒಬ್ಬ ಪಿಂಚಣಿದಾರನ ಬಿಡುವಿನ ಮೇಲೆ. ಇದು ನನಗೆ ಹೆಮ್ಮೆಯ ವಿಷಯವಲ್ಲ, ಭಯದ ವಿಷಯ. ಪಕ್ಕದ ಪಂಚಾಯಿತಿಯಲ್ಲಿ ಅಂಥವರು ಯಾರೂ ಇಲ್ಲ.

ಮೂರನೆಯ ದಿನ

ಹೋದವರನ್ನು ಹಿಂಬಾಲಿಸಬೇಕು ಎಂದು ನಾನು ಹೇಳುವಾಗ ಕಿರಿಯ ಸಹೋದ್ಯೋಗಿಗಳು ಸಿಟ್ಟಾಗುತ್ತಾರೆ. ಅವರ ಸಿಟ್ಟಿನಲ್ಲಿ ನ್ಯಾಯವಿದೆ. ಪಾಠ ಹೇಳಬೇಕು, ಆನ್‌ಲೈನ್ ವರದಿ ತುಂಬಬೇಕು, ವರ್ಕ್‌ಶಾಪಿನ ಸಾಮಾನಿಗೆ ಲೆಕ್ಕ ಕೊಡಬೇಕು, ಇದರ ಮೇಲೆ ಮನೆಮನೆ ಯಾರು ತಿರುಗುತ್ತಾರೆ? ಅದಕ್ಕೆಂದೇ ಒಬ್ಬರು ಇರಬೇಕು ಎಂಬುದು ನನ್ನ ವಾದ, ಪಾಠ ಹೇಳುವವರಲ್ಲ. ಮೂರನೆಯ ದಿನ ಗೈರು ಎಂದರೆ ಫೋನು, ಐದನೆಯ ದಿನ ಮನೆ. ಮೂವತ್ತನೆಯ ದಿನದ ಪತ್ರಕ್ಕಿಂತ ಮೂರನೆಯ ದಿನದ ಫೋನಿಗೆ ಬೆಲೆ ಹೆಚ್ಚು. ಆಗಿನ್ನೂ ಹುಡುಗ ಹದಿನೈದು ದಿನಕ್ಕೆ ಹೋಗಿ ಬರುತ್ತೇನೆ ಎಂಬ ನಂಬಿಕೆಯಲ್ಲಿಯೇ ಇರುತ್ತಾನೆ. ಎಲ್ಲ ಗೈರುಹಾಜರಿಯ ಹಿಂದೆ ಬೋಟೇ ಇರುವುದಿಲ್ಲ ಎಂಬುದೂ ಕೇಳಿದಾಗಲೇ ಗೊತ್ತಾಗುವುದು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಬಂದ್ ಆಯಿತು, ಮೂರು ವಾರದ ಮೇಲೆ ಕಾರವಾರದಾಚೆ ಗೋವಾದ ದಾರಿಯಲ್ಲಿ ಕಾಳಿ ನದಿಯ ಹಳೆಯ ಸೇತುವೆ ಮಧ್ಯರಾತ್ರಿ ಕುಸಿಯಿತು. ಹೆದ್ದಾರಿ ಬಂದ್ ಇದ್ದಷ್ಟು ದಿನ ನಮ್ಮ ಕಡೆಯಿಂದ ಕಾರವಾರಕ್ಕೆ ಹೋಗಬೇಕಾದವರಿಗೆ ನೇರ ದಾರಿಯೇ ಇರಲಿಲ್ಲ. ಹಾಜರಿ ಯಂತ್ರಕ್ಕೆ ಬೆರಳೊತ್ತದವರೆಲ್ಲ ಅದಕ್ಕೆ ಒಂದೇ.

ಎದುರು ಮಾತೊಂದನ್ನು ಹದಿನೇಳನೇ ನಂಬರಿನವನೇ ಹೇಳಿದ, ಅದನ್ನು ಬರೆಯದೆ ಹೋದರೆ ತಪ್ಪಾಗುತ್ತದೆ. ಆಮೇಲೆ ಒಂದು ದಿನ ನಾನು ಅವನ ಮನೆಗೆ ಹೋಗಿ, ಕೆಂಪು ಗೆರೆಯ ಬಗ್ಗೆ ನನಗೆ ಬೇಸರವಿದೆ ಎಂಬರ್ಥದ ಮಾತು ಆಡಿದೆ. ಅವನು ನಕ್ಕ. ನಮ್ಮ ಬ್ಯಾಚಿನಲ್ಲಿ ಪಾಸಾದವರು ಏನು ಮಾಡುತ್ತಿದ್ದಾರೆ ನಿಮಗೆ ಗೊತ್ತಾ ಸರ್ ಎಂದು ಕೇಳಿದ. ಇಬ್ಬರು ಗೋವಾದಲ್ಲಿ ಗುತ್ತಿಗೆದಾರನ ಕೆಳಗೆ, ಒಬ್ಬ ಬೆಂಗಳೂರಿನಲ್ಲಿ ಡೆಲಿವರಿ, ಒಬ್ಬ ಮಾತ್ರ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಆಗಿ ಚೆನ್ನಾಗಿದ್ದಾನೆ. ಒಳ್ಳೆಯ ಸೀಸನ್ನಿನಲ್ಲಿ ತನ್ನ ಪಾಲು ಅವರಲ್ಲಿ ಮೂವರ ಸಂಬಳಕ್ಕಿಂತ ಹೆಚ್ಚು. ಕೆಟ್ಟ ಸೀಸನ್ನಿನಲ್ಲಿ ಎಂದು ನಾನು ಬಾಯಿ ತೆರೆಯುವ ಮೊದಲೇ, ಕೆಟ್ಟ ಸೀಸನ್ನಿನಲ್ಲಿ ಮುಂಗಡ ಎಂದು ತಾನೇ ಹೇಳಿ ಮುಗಿಸಿದ. ಅವನು ಬದುಕಿನಲ್ಲಿ ಸೋತವನಲ್ಲ, ನನ್ನ ಪಶ್ಚಾತ್ತಾಪಕ್ಕೆ ಸಾಮಗ್ರಿಯಾಗುವ ಅಗತ್ಯ ಅವನಿಗಿಲ್ಲ. ಅವನಿಗೆ ಬೇಕಾಗಿದ್ದದ್ದು ಒಂದೇ. "ಆ ಬೆಸುಗೆ ಒಂದು ಹೇಳಿಕೊಡಿ ಸರ್. ಮಳೆಗಾಲದಲ್ಲಿ ಬರ್ತೆ."

2025ರ ಜೂನ್ ಎರಡನೆಯ ವಾರ ಬಂದ, ತನ್ನ ಬೋಟಿನ ಇನ್ನಿಬ್ಬರು ಖಲಾಸಿಗಳನ್ನೂ ಕರೆದುಕೊಂಡು. ಗ್ರಂಥಾಲಯದ ಜಗಲಿಯಲ್ಲಿ ಗ್ರಂಥಪಾಲಕಿ ಒಂದು ಎಕ್ಸ್‌ಟೆನ್ಷನ್ ಬಾಕ್ಸು ಎಳೆದುಕೊಟ್ಟರು. ನನ್ನ ಹತ್ತಿರವಿದ್ದ ಹಳೆಯ ಸೋಲ್ಡರಿಂಗ್ ಐರನ್, ಒಂದು ಸುರುಳಿ ಸೀಸದ ತಂತಿ, ಡಬ್ಬಿಯಲ್ಲಿ ರಾಳ. ಮೊದಲು ತಾಮ್ರವನ್ನು ಉಪ್ಪುಕಾಗದದಿಂದ ಕೆಂಪಗಾಗುವವರೆಗೆ ಉಜ್ಜಬೇಕು, ಐರನ್ನಿನ ಮೂತಿಯನ್ನು ಜಾಯಿಂಟಿನ ಕೆಳಗೆ ಹಿಡಿದು ತಂತಿಯನ್ನೇ ಕಾಯಿಸಬೇಕು, ಸೀಸವನ್ನು ಐರನ್ನಿಗೆ ಮುಟ್ಟಿಸಬಾರದು, ಕಾದ ತಾಮ್ರಕ್ಕೆ ಮುಟ್ಟಿಸಬೇಕು, ಆಗ ಅದು ತಾನಾಗಿ ಸುತ್ತುಗಳ ಸಂದಿಗೆ ಇಳಿಯುತ್ತದೆ. ಹೇಳುತ್ತ ಹೋದೆ. ಮೊದಲನೆಯದು ಗುಳ್ಳೆಯಾಗಿ ನಿಂತಿತು, ಎರಡನೆಯದೂ ಹಾಗೆಯೇ. ಮೂರನೆಯದನ್ನು ಅವನು ಬೇಗ ತೆಗೆಯದೆ ಉಸಿರು ಹಿಡಿದು ಕಾದ, ಸೀಸ ಒಮ್ಮೆಲೇ ಹೊಳೆದು ಒಳಗಿಳಿಯಿತು. ನಾಲ್ಕನೆಯದಕ್ಕೆ ಖಲಾಸಿಗಳಲ್ಲಿ ಸಣ್ಣವನು ಕೈ ಚಾಚುವಷ್ಟರಲ್ಲಿ ಗುಡುಗು ಬಂದು ಕರೆಂಟು ಹೋಯಿತು. ಜೂನಿನಲ್ಲಿ ಹೋದರೆ ಬರುವುದು ಯಾವಾಗ ಎಂದು ಕೇಳುವವರು ಇಲ್ಲಿಲ್ಲ. ಐರನ್ ಆರುವವರೆಗೆ ಕುಳಿತರು. ಸಣ್ಣವನಿಗೆ ಎಷ್ಟು ವಯಸ್ಸು ಎಂದು ಕೇಳಿದೆ, ಹದಿನೆಂಟು ಆಗ್ತದೆ ಎಂದ. ಎಲ್ಲಿಯವರೆಗೆ ಓದಿದ್ದೀ ಎಂದಾಗ, ಹತ್ತು, ಒಂದು ಸಬ್ಜೆಕ್ಟ್ ಉಳೀತು ಎಂದ. ಮೂರನೆಯ ಪರೀಕ್ಷೆಗೆ ಇನ್ನೂ ಮೂರು ವಾರ ಇತ್ತು. ನಾಳೆ ಮಾರ್ಕ್ಸ್ ಕಾರ್ಡ್ ತೆಗೆದುಕೊಂಡು ಬಾ ಎಂದೆ.